ಸ್ನಾಯುವಿನ ಗುಟ್ಟನ್ನು ಅರಸಿದ ಓಟ್ಟೊ ಮೈಯರ್‌ಹೋಫ್

ಮಹನೀಯರ ಚರಿತ್ರೆಗಳನ್ನು ಬರೆಯುವುದರಲ್ಲಿ ಒಂದು ರೂಢಿ ಬೆಳೆದುಬಂದಿದೆ. ಮೊದಲು ಬಡತನವೋ ಬೇನೆಯೋ ಬರುತ್ತದೆ, ಆಮೇಲೆ ಪರಿಶ್ರಮ, ಕಡೆಗೆ ಪ್ರಶಸ್ತಿ. ಪ್ರಶಸ್ತಿ ಬಂದೊಡನೆ ಚರಿತ್ರಕಾರನು ಮಂಗಳ ಹಾಡಿ ಲೇಖನಿಯನ್ನು ಕೆಳಗಿಡುತ್ತಾನೆ. ಜರ್ಮನಿಯ ಜೀವರಸಾಯನ ವಿಜ್ಞಾನಿ ಓಟ್ಟೊ ಮೈಯರ್‌ಹೋಫರ ಬಾಳನ್ನು ಈ ಅಚ್ಚಿನಲ್ಲಿ ಎರೆದರೆ ಅದರ ಸಾರವೆಲ್ಲ ಹೊರಗೇ ಉಳಿದುಬಿಡುತ್ತದೆ. ಅವರಿಗೆ ನೊಬೆಲ್ ಪಾರಿತೋಷಕ ದೊರೆತಾಗ ವಯಸ್ಸು 39. ನನಗೆ ಅವರಲ್ಲಿ ಆಸಕ್ತಿ ಹುಟ್ಟಿದುದು ಆ ಪಾರಿತೋಷಕದಿಂದಲ್ಲ. ಅದಾದ ಏಳು ವರ್ಷಗಳಿಗೆ, ತಮ್ಮ ಕೀರ್ತಿಯೊಡನೆ ಹೆಣೆದುಕೊಂಡಿದ್ದ ನಂಬಿಕೆಯೊಂದು ಕುಸಿದುಬಿದ್ದಾಗ ಅವರು ನಡೆದುಕೊಂಡ ರೀತಿಯಿಂದ.

ಕನ್ನಡ ಪಾಠ ಹೇಳುವವನಿಗೆ ಸ್ನಾಯುವಿನ ರಸಾಯನದ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ಮೈಯರ್‌ಹೋಫರು ಸ್ವಲ್ಪಮಟ್ಟಿಗೆ ನಮ್ಮ ಪಂಗಡಕ್ಕೂ ಸೇರಿದವರು ಎಂಬುದೇ ನನ್ನ ಉತ್ತರ. 1884ರ ಏಪ್ರಿಲ್ 12ರಂದು ಹ್ಯಾನೋವರ್ ನಗರದ ಯೆಹೂದಿ ವ್ಯಾಪಾರಿಯೊಬ್ಬನ ಮನೆಯಲ್ಲಿ ಹುಟ್ಟಿದ ಅವರು ಬೆಳೆದುದು ಬರ್ಲಿನ್ನಿನಲ್ಲಿ. ಹದಿನಾರನೆಯ ವಯಸ್ಸಿನಲ್ಲಿ ಮೂತ್ರಪಿಂಡದ ಬೇನೆ ಹಿಡಿದು ಹುಡುಗನು ಬಹುಕಾಲ ಹಾಸಿಗೆಯಲ್ಲಿಯೇ ಕಳೆಯಬೇಕಾಯಿತು. ಆ ದಿನಗಳಲ್ಲಿ ಅವರಿಗೆ ಜೊತೆಯಾದುದು ತಾಯಿ ಮತ್ತು ಪುಸ್ತಕ. ಗಯಟೆಯನ್ನು ಓದಿದರು, ತಾವೂ ಕವಿತೆಗಳನ್ನು ಬರೆದರು. ಬೇನೆ ಇಳಿದ ಮೇಲೆ ಈಜಿಪ್ಟಿಗೆ ಹೋಗಿಬಂದು ಪ್ರಾಚೀನ ವಸ್ತುಗಳ ಮೋಹವನ್ನೂ ಹಚ್ಚಿಕೊಂಡರು. ಓದಿದುದು ವೈದ್ಯವಾದರೂ ಮನಸ್ಸು ನೆಟ್ಟಿದ್ದುದು ತತ್ತ್ವಶಾಸ್ತ್ರದಲ್ಲಿ. ಲೆಯೊನಾರ್ಡ್ ನೆಲ್ಸನ್ ಎಂಬ ತರುಣ ತತ್ತ್ವಜ್ಞಾನಿಯ ಗೆಳೆತನ ಅವರನ್ನು ಕಾಂಟ್ ಮತ್ತು ಫ್ರೀಸರ ವಿಚಾರಪರಂಪರೆಯೊಳಕ್ಕೆ ಸೆಳೆಯಿತು. 1909ರಲ್ಲಿ ಹೈಡೆಲ್‌ಬರ್ಗಿನಲ್ಲಿ ವೈದ್ಯ ಪದವಿಗಾಗಿ ಅವರು ಒಪ್ಪಿಸಿದ ಪ್ರಬಂಧದ ವಸ್ತು ಮನೋರೋಗಗಳ ತಾತ್ತ್ವಿಕ ವಿವೇಚನೆ. ಮರುವರ್ಷವೇ ಗಯಟೆಯು ನಿಸರ್ಗವನ್ನು ಶೋಧಿಸಿದ ವಿಧಾನವನ್ನು ಕುರಿತು ಒಂದು ಲೇಖನ ಪ್ರಕಟಿಸಿದರು. ನ್ಯೂಟನ್ನನ ಬೆಳಕಿನ ಸಿದ್ಧಾಂತವನ್ನು ಒಪ್ಪದೆ ಹಟತೊಟ್ಟು ನಿಂತ ಕವಿಯನ್ನು, ಮುಂದೆ ಅಳತೆಯನ್ನೇ ಉಸಿರಾಗಿಸಿಕೊಂಡ ವಿಜ್ಞಾನಿಯೊಬ್ಬನು ಎಳೆಯ ವಯಸ್ಸಿನಲ್ಲಿ ಹೀಗೆ ಧ್ಯಾನಿಸಿದನೆಂಬುದು ಸಾಹಿತ್ಯದ ವಿದ್ಯಾರ್ಥಿಗೆ ಸಣ್ಣ ಸಂಗತಿಯಲ್ಲ.

ಹೈಡೆಲ್‌ಬರ್ಗಿನ ಚಿಕಿತ್ಸಾಲಯದಲ್ಲಿ ಅವರಿಗೆ ಓಟ್ಟೊ ವಾರ್ಬರ್ಗರ ಪರಿಚಯವಾಯಿತು. ವಾರ್ಬರ್ಗರು ಅವರಿಗಿಂತ ಸುಮಾರು ಆರು ತಿಂಗಳು ಹಿರಿಯರು ಅಷ್ಟೆ. ಆದರೆ ಜೀವಕೋಶವು ಉಸಿರಾಡುವುದನ್ನು ಗಾಜಿನ ನಳಿಕೆಗಳಲ್ಲಿ ಅಳೆಯುವ ವಿದ್ಯೆಯಲ್ಲಿ ಆಗಲೇ ನಿಪುಣರಾಗಿದ್ದರು. ಈ ಗೆಳೆತನದಿಂದ ಮೈಯರ್‌ಹೋಫರ ದಾರಿ ತಿರುಗಿತು. ತತ್ತ್ವಶಾಸ್ತ್ರವನ್ನು ಅವರು ಬಿಡಲಿಲ್ಲ; ಅದರ ಪ್ರಶ್ನೆಯೊಂದನ್ನು ಪ್ರಯೋಗಶಾಲೆಗೆ ಹೊತ್ತುತಂದರು. ಜೀವಿಯು ಉಣ್ಣುವ ಅನ್ನದ ಶಕ್ತಿಯು ಯಾವ ಯಾವ ಮೆಟ್ಟಿಲುಗಳನ್ನಿಳಿದು ಕೆಲಸವಾಗಿ ಪರಿಣಮಿಸುತ್ತದೆ? 1913ರಲ್ಲಿ ಕೀಲ್ ವಿಶ್ವವಿದ್ಯಾನಿಲಯದಲ್ಲಿ ಜೀವಕ್ರಿಯೆಗಳ ಶಕ್ತಿಯನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ ಈ ಪ್ರಶ್ನೆಯನ್ನೇ ಅವರು ಮುಂದಿಟ್ಟರು. ಮರುವರ್ಷ ಹೆಡ್‌ವಿಗ್ ಶಾಲೆನ್‌ಬರ್ಗ್ ಎಂಬ ಚಿತ್ರಕಾರ್ತಿಯನ್ನು ಮದುವೆಯಾದರು. ಯುದ್ಧ ಮುಗಿಯುವ ಹೊತ್ತಿಗೆ ತಮ್ಮ ಪ್ರಶ್ನೆಗೆ ತಕ್ಕ ವಸ್ತು ಕಪ್ಪೆಯ ಕಾಲಿನ ಸ್ನಾಯು ಎಂದು ನಿಶ್ಚಯಿಸಿದ್ದರು.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಮೊಸರು ಹುಳಿಯಾಗುವುದು ಯಾವ ಆಮ್ಲದಿಂದಲೋ ಅದಕ್ಕೆ ಲ್ಯಾಕ್ಟಿಕ್ ಆಮ್ಲವೆಂದು ಹೆಸರು. 1780ರಲ್ಲಿ ಸ್ವೀಡನ್ನಿನ ಷೀಲೆ ಅದನ್ನು ಹುಳಿತ ಹಾಲಿನಲ್ಲಿ ಕಂಡುಹಿಡಿದರು. ಅದೇ ದೇಶದ ಬರ್ಜೀಲಿಯಸರು 1807ರಲ್ಲಿ ಪ್ರಾಣಿಗಳ ಸ್ನಾಯುವಿನಲ್ಲಿಯೂ ಅದು ಇರುವುದನ್ನು ಕಂಡರು. ಗಡಿಗೆಯಲ್ಲಿರುವ ಹುಳಿಗೂ ಓಡುವ ಕಾಲಿಗೂ ಏನು ಸಂಬಂಧ? ಒಂದು ಶತಮಾನ ಕಳೆದರೂ ಅಳತೆಗಳು ಒಂದಕ್ಕೊಂದು ಹೊಂದಲಿಲ್ಲ. ಸ್ನಾಯುವನ್ನು ಕತ್ತರಿಸುವ ಗಾಯದಿಂದಲೇ ಆಮ್ಲ ಉಕ್ಕುತ್ತಿದ್ದುದೇ ಇದಕ್ಕೆ ಕಾರಣ. 1907ರಲ್ಲಿ ಕೇಂಬ್ರಿಜ್ಜಿನ ಫ್ಲೆಚರ್ ಮತ್ತು ಹಾಪ್ಕಿನ್ಸರು ಸ್ನಾಯುವನ್ನು ಮಂಜಿನಂತೆ ತಣ್ಣಗಿರುವ ಮದ್ಯಸಾರದಲ್ಲಿ ಮುಳುಗಿಸಿ, ಒಳಗಿನ ವ್ಯಾಪಾರವನ್ನೆಲ್ಲ ತಟಕ್ಕನೆ ನಿಲ್ಲಿಸಿ ಅಳೆದರು. ದಣಿದ ಸ್ನಾಯುವಿನಲ್ಲಿ ಆಮ್ಲವು ಶೇಖರವಾಗುತ್ತದೆ, ಆಮ್ಲಜನಕವನ್ನು ಒದಗಿಸಿದರೆ ಮಾಯವಾಗುತ್ತದೆ ಎಂಬುದು ಆಗ ಸ್ಥಿರಪಟ್ಟಿತು. ಹಾಗೆ ಮಾಯವಾದ ಆಮ್ಲವು ಹೋದುದೆಲ್ಲಿಗೆ ಎಂಬುದು ಮಾತ್ರ ತಿಳಿಯಲಿಲ್ಲ.

ಮೈಯರ್‌ಹೋಫರು ಕೈಹಾಕಿದುದು ಈ ಲೆಕ್ಕಕ್ಕೆ. ಒಂದು ಕಡೆ ಸ್ನಾಯುವಿನಲ್ಲಿ ಕೂಡಿಟ್ಟ ಪಿಷ್ಟ, ಅಂದರೆ ಗ್ಲೈಕೋಜನ್. ಇನ್ನೊಂದು ಕಡೆ ಹುಟ್ಟಿದ ಆಮ್ಲ. ಮೂರನೆಯ ಕಡೆ ಸೇದಿಕೊಂಡ ಆಮ್ಲಜನಕ. ಈ ಮೂರನ್ನೂ ಅವರು ಜಿಪುಣ ಸಾಹುಕಾರನ ಶ್ರದ್ಧೆಯಿಂದ ಅಳೆದರು. ಗಾಳಿಯಿಲ್ಲದೆ ದುಡಿದ ಸ್ನಾಯುವಿನಲ್ಲಿ ಗ್ಲೈಕೋಜನ್ ಎಷ್ಟು ಕಳೆಯುವುದೋ ಆಮ್ಲವು ಅಷ್ಟೇ ಹುಟ್ಟುವುದು. ವಿಶ್ರಾಂತಿಯಲ್ಲಿ ಆಮ್ಲಜನಕ ದೊರೆತಾಗ ಆ ಆಮ್ಲವೆಲ್ಲವೂ ಉರಿದುಹೋಗುವುದಿಲ್ಲ. ಸೇದಿಕೊಂಡ ಆಮ್ಲಜನಕವು ಸುಮಾರು ನಾಲ್ಕನೆಯ ಅಥವಾ ಐದನೆಯ ಒಂದು ಪಾಲನ್ನು ಉರಿಸುವುದಕ್ಕೆ ಮಾತ್ರ ಸಾಲುವುದು. ಆ ಪಾಲು ಉರಿದು ಕೊಟ್ಟ ಶಕ್ತಿಯಿಂದ ಉಳಿದ ಪಾಲು ಮತ್ತೆ ಗ್ಲೈಕೋಜನ್ ಆಗಿ ಉಗ್ರಾಣವನ್ನು ಸೇರುವುದು. ಕಾಲುಪಾಲು ಸುಟ್ಟು ಮುಕ್ಕಾಲನ್ನು ಉಳಿಸಿಕೊಳ್ಳುವ ಈ ಮಿತವ್ಯಯವನ್ನು ಅಂಕಿಗಳಲ್ಲಿ ತೋರಿಸಿದುದೇ ಅವರ ಮೊದಲ ದೊಡ್ಡ ಕಾಣಿಕೆ.

ಅದೇ ವೇಳೆಯಲ್ಲಿ ಇಂಗ್ಲೆಂಡಿನ ಎ. ವಿ. ಹಿಲ್ ಅವರು ಅದೇ ಕಪ್ಪೆಯ ಸ್ನಾಯುವಿನ ಕಾವನ್ನು ಅತಿ ಸೂಕ್ಷ್ಮವಾದ ಉಪಕರಣಗಳಿಂದ ಅಳೆಯುತ್ತಿದ್ದರು. ಸ್ನಾಯು ಸೆಡೆತುಕೊಳ್ಳುವಾಗ ಒಂದು ಬಗೆಯ ಕಾವು, ಅದಕ್ಕೆ ಆಮ್ಲಜನಕ ಬೇಡ. ಆಮೇಲೆ ನಿಧಾನವಾಗಿ ಹೊರಡುವ ಚೇತರಿಕೆಯ ಕಾವು, ಅದಕ್ಕೆ ಆಮ್ಲಜನಕ ಬೇಕೇಬೇಕು. ಹಿಲ್ಲರ ಕಾವಿನ ಲೆಕ್ಕವೂ ಮೈಯರ್‌ಹೋಫರ ಆಮ್ಲದ ಲೆಕ್ಕವೂ ಒಂದಕ್ಕೊಂದು ಕೂಡಿಬಂದವು. ಮಹಾಯುದ್ಧದಲ್ಲಿ ಹಿಲ್ಲರು ಬ್ರಿಟನ್ನಿನ ವಿಮಾನವಿರೋಧಿ ಫಿರಂಗಿಗಳಿಗಾಗಿ ಗಣಿತ ಹಾಕಿದವರು; ಯುದ್ಧ ನಿಂತು ಕೆಲವೇ ವರ್ಷಗಳಲ್ಲಿ ವೈರಿದೇಶಗಳ ಈ ಇಬ್ಬರಿಗೂ 1922ನೆಯ ವರ್ಷದ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಹಂಚಿಕೆಯಾಗಿ ಬಂದಿತು. ಅದನ್ನು ಘೋಷಿಸಿದುದು 1923ರಲ್ಲಿ.

ಲೆಕ್ಕವು ಸರಿಯಾಗಿಯೇ ಇದ್ದಿತು. ಆದರೆ ಲೆಕ್ಕದ ಬೆನ್ನಿಗೇ ಒಂದು ವ್ಯಾಖ್ಯಾನವೂ ಬೆಳೆದು ನಿಂತಿತು. ಸ್ನಾಯು ಸೆಡೆತುಕೊಳ್ಳುವ ಕ್ಷಣದಲ್ಲಿಯೇ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ, ಅದು ಸ್ನಾಯುವಿನ ಪ್ರೋಟೀನನ್ನು ಮುಟ್ಟುವುದರಿಂದಲೇ ಎಳೆತ ಉಂಟಾಗುತ್ತದೆ, ಆಮ್ಲವೇ ಸ್ನಾಯುಯಂತ್ರದ ಕೀಲಿ ಎಂಬುದು ಆ ವ್ಯಾಖ್ಯಾನ. ಮೂಲಪಾಠವೊಂದು, ಟೀಕೆಯೊಂದು, ಕಾಲಕ್ರಮದಲ್ಲಿ ಟೀಕೆಯನ್ನೇ ಪಾಠವೆಂದು ಎಲ್ಲರೂ ಓದತೊಡಗುವುದನ್ನು ನಮ್ಮ ಹಳಗನ್ನಡದ ಗ್ರಂಥಗಳಲ್ಲಿ ನಾವು ಬೇಕಾದಷ್ಟು ಕಂಡಿದ್ದೇವೆ. ಇಲ್ಲಿಯೂ ನಡೆದುದು ಅದೇ. ಫ್ರಾಂಕ್‌ಫರ್ಟಿನ ಗುಸ್ಟಾಫ್ ಎಂಬ್ಡೆನ್ ಎಂಬ ವಿದ್ವಾಂಸರು ಮಾತ್ರ ಒಪ್ಪಲಿಲ್ಲ. ಆಮ್ಲದ ಒಂದು ಭಾಗವು ಸೆಡೆತ ಮುಗಿದ ಮೇಲೆ ಹುಟ್ಟುತ್ತದೆಂದು ಅವರು ವಾದಿಸಿದರು. ಕೆಲಸ ಮುಗಿದ ಮೇಲೆ ಬರುವವನು ಆ ಕೆಲಸಕ್ಕೆ ಕಾರಣನಾಗುವುದು ಹೇಗೆ? ಮೈಯರ್‌ಹೋಫರು ಈ ವಾದವನ್ನು ಆಗ ಎದುರಿಸಿ ನಿಂತರು. ಈ ಜಗಳದಲ್ಲಿ ನ್ಯಾಯವು ಹೆಚ್ಚಾಗಿ ಎಂಬ್ಡೆನ್ನರ ಕಡೆಗೇ ಇದ್ದಿತೆಂಬುದನ್ನು ಚರಿತ್ರೆ ಬರೆಯುವವರು ಮರೆಮಾಚಬಾರದು.

1924ರಲ್ಲಿ ಮೈಯರ್‌ಹೋಫರು ಬರ್ಲಿನ್ನಿನ ಡಾಲೆಮ್ ಬಡಾವಣೆಯಲ್ಲಿದ್ದ ಕೈಸರ್ ವಿಲ್‌ಹೆಲ್ಮ್ ಜೀವವಿಜ್ಞಾನ ಸಂಸ್ಥೆಗೆ ಬಂದರು. ಸ್ಥಳ ಇಕ್ಕಟ್ಟು, ಬಂದ ಶಿಷ್ಯರು ಅಸಾಮಾನ್ಯರು. ಫ್ರಿಟ್ಜ್ ಲಿಪ್‌ಮನ್, ಸೆವೆರೊ ಒಚೋವಾ, ಡಾವಿಡ್ ನಾಖ್‌ಮನ್‌ಸೋನ್, ಕಾರ್ಲ್ ಲೋಮನ್ ಇವರೆಲ್ಲ ಅವರ ಗರಡಿಯಲ್ಲಿ ಪಳಗಿದವರು. ಮೊದಲಿನ ಇಬ್ಬರು ಮುಂದೆ ತಾವೇ ನೊಬೆಲ್ ಪಡೆದರು, 1953ರಲ್ಲಿ ಒಬ್ಬರು, 1959ರಲ್ಲಿ ಇನ್ನೊಬ್ಬರು. ಇಲ್ಲಿ ನಡೆದ ಕೆಲಸಗಳಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದುದು 1926ರ ಸುಮಾರಿನದು. ಸ್ನಾಯುವನ್ನು ಅರೆದು, ಸೋಸಿ, ಅದರಲ್ಲಿ ಒಂದು ಜೀವಕೋಶವೂ ಇಲ್ಲದಂತೆ ತೆಗೆದ ತಿಳಿರಸವು ಗಾಜಿನ ಬಟ್ಟಲಿನಲ್ಲಿಯೇ ಗ್ಲೈಕೋಜನನ್ನು ಆಮ್ಲವಾಗಿ ಮಾಡಬಲ್ಲದೆಂದು ಅವರು ತೋರಿಸಿದರು. ಯೀಸ್ಟನ್ನು ಅರೆದ ರಸವು ಸಕ್ಕರೆಯನ್ನು ಮದ್ಯಸಾರವಾಗಿ ಮಾಡುವುದನ್ನು 1897ರಲ್ಲಿ ಬುಖ್‌ನರರು ತೋರಿಸಿದ್ದರಷ್ಟೆ. ಯೀಸ್ಟಿಗೆ ಬೇಕಾದ ಸಹಕಿಣ್ವವು ಸ್ನಾಯುವಿನಲ್ಲಿಯೂ ಉಂಟೆಂದು 1918ರಲ್ಲಿಯೇ ಮೈಯರ್‌ಹೋಫರು ಕಂಡುಕೊಂಡಿದ್ದರು. ಈಗ ಎರಡು ದಾರಿಗಳೂ ಬಹುದೂರ ಒಂದೇ ಎಂಬುದು ತಿಳಿಯಾಗತೊಡಗಿತು. ಹೆಂಡದ ಗಡಿಗೆಯಲ್ಲಿ ನೊರೆಯುಕ್ಕಿಸುವ ಯೀಸ್ಟೂ ಗುಡ್ಡ ಹತ್ತುವವನ ಕಾಲೂ ಸಕ್ಕರೆಯನ್ನು ಒಂದೇ ಕ್ರಮದಲ್ಲಿ ಮುರಿಯುತ್ತವೆ. ಕಟ್ಟಕಡೆಯ ತಿರುವಿನಲ್ಲಿ ಮಾತ್ರ ಅಗಲುತ್ತವೆ. ಜೀವವೆಲ್ಲವೂ ಒಂದೇ ಬಳ್ಳಿಯೆಂದು ಕವಿಗಳು ಹಾಡಿದುದನ್ನು ಕೇಳಿದ್ದ ನನಗೆ, ಅದನ್ನು ಹೀಗೆ ತೂಕಕ್ಕೆ ಹಾಕಿ ತೋರಿಸಬಹುದೆಂದು ಹೊಳೆದಿರಲಿಲ್ಲ.

ಅಷ್ಟರಲ್ಲಿ ಬೇರೆ ಕಡೆಗಳಿಂದ ಹೊಸ ಸುದ್ದಿಗಳು ಬರತೊಡಗಿದವು. 1927ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆ ಮತ್ತು ನಮ್ಮ ನೆರೆಯ ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಸ್ನಾಯುವಿನಲ್ಲಿ ಕ್ರಿಯಾಟಿನ್ ಫಾಸ್ಫೇಟ್ ಎಂಬ ವಸ್ತುವನ್ನು ಗುರುತಿಸಿದರು. ಲಂಡನ್ನಿನಲ್ಲಿ ಎಗಲ್‌ಟನ್ ದಂಪತಿಗಳೂ ಅದೇ ವೇಳೆಗೆ ಅದರ ಜಾಡು ಹಿಡಿದಿದ್ದರು. ಸ್ನಾಯು ದುಡಿದಾಗ ಅದು ಕರಗುತ್ತದೆ, ವಿಶ್ರಮಿಸಿದಾಗ ತುಂಬಿಕೊಳ್ಳುತ್ತದೆ. 1929ರಲ್ಲಿ ಅಡಿನೋಸಿನ್ ಟ್ರೈಫಾಸ್ಫೇಟ್, ಇಂದು ಹೈಸ್ಕೂಲಿನ ಮಕ್ಕಳೂ ಎ.ಟಿ.ಪಿ. ಎಂದು ಕರೆಯುವ ವಸ್ತು, ಎರಡು ಕಡೆ ಬೇರೆಬೇರೆಯಾಗಿ ಸಿಕ್ಕಿತು: ಮೈಯರ್‌ಹೋಫರ ಪ್ರಯೋಗಶಾಲೆಯಲ್ಲಿ ಲೋಮನ್ನರಿಗೆ, ಹಾರ್ವರ್ಡಿನಲ್ಲಿ ಫಿಸ್ಕೆ ಮತ್ತು ಸುಬ್ಬರಾಯರಿಗೆ. ಕ್ರಿಯಾಟಿನ್ ಫಾಸ್ಫೇಟ್ ಒಡೆಯುವಾಗ ಬಹಳ ಕಾವು ಹೊರಡುತ್ತದೆಂದು ಅಳೆದು ತೋರಿಸಿದವರು ಮೈಯರ್‌ಹೋಫರೇ. ಆದರೂ ಈ ಹೊಸ ವಸ್ತುಗಳಿಗೆ ಸ್ನಾಯುವಿನ ಕಥೆಯಲ್ಲಿ ಯಾವ ಪಾತ್ರವೆಂದು ಯಾರಿಗೂ ಹೊಳೆಯಲಿಲ್ಲ. ಸಿಂಹಾಸನದ ಮೇಲೆ ಲ್ಯಾಕ್ಟಿಕ್ ಆಮ್ಲವು ಕುಳಿತೇ ಇದ್ದಿತು.

1930ನೆಯ ವರ್ಷ ಬಂದಿತು. ಮೈಯರ್‌ಹೋಫರು ಆಗ ಹೈಡೆಲ್‌ಬರ್ಗಿನಲ್ಲಿ ಹೊಸದಾಗಿ ಕಟ್ಟಿದ ವೈದ್ಯಸಂಶೋಧನ ಸಂಸ್ಥೆಯಲ್ಲಿ ಶರೀರಕ್ರಿಯಾ ವಿಭಾಗದ ಮುಖ್ಯಸ್ಥರು. ಸ್ನಾಯುವಿನ ರಸಾಯನವನ್ನು ಕುರಿತು ಹನ್ನೆರಡು ವರ್ಷಗಳ ದುಡಿಮೆಯನ್ನೆಲ್ಲ ಕೂಡಿಸಿದ ಅವರ ದೊಡ್ಡ ಗ್ರಂಥವು ಆ ವರ್ಷವೇ ಅಚ್ಚಾಯಿತು. ಆ ವರ್ಷವೇ ಕೋಪನ್‌ಹೇಗನ್ನಿನ ಐನರ್ ಲುಂಡ್ಸ್‌ಗಾರ್ಡ್ ಎಂಬ, ಮೂವತ್ತರ ಆಸುಪಾಸಿನ, ಹೆಸರಿಲ್ಲದ ಸಂಶೋಧಕರೊಬ್ಬರು ಬೇರೆ ಯಾವುದೋ ಉದ್ದೇಶದಿಂದ ಪ್ರಾಣಿಗಳಿಗೆ ಅಯೊಡೊಅಸಿಟಿಕ್ ಆಮ್ಲವೆಂಬ ವಿಷವನ್ನು ಕೊಟ್ಟು ನೋಡುತ್ತಿದ್ದರು. ಪ್ರಾಣಿಗಳು ಮೈ ಮರಗಟ್ಟಿ ಸತ್ತವು. ಹಾಗೆ ಮರಗಟ್ಟಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲವು ತುಂಬಿರಬೇಕೆಂಬುದು ಅಂದಿನ ತಿಳಿವಳಿಕೆ. ಲುಂಡ್ಸ್‌ಗಾರ್ಡರು ಹುಡುಕಿದರು, ಆಮ್ಲವಿರಲಿಲ್ಲ. ವಿಷವು ಆಮ್ಲದ ಉತ್ಪತ್ತಿಯನ್ನೇ ತಡೆದುಬಿಟ್ಟಿದ್ದಿತು. ಇಲ್ಲಿಗೇ ಬಿಡದೆ ಅವರು ವಿಷವೇರಿದ ಕಪ್ಪೆಯ ಸ್ನಾಯುವನ್ನು ವಿದ್ಯುತ್ತಿನಿಂದ ಚುಚ್ಚಿ ನೋಡಿದರು. ಅದು ಸೆಡೆತುಕೊಂಡಿತು. ಒಮ್ಮೆಯಲ್ಲ, ಮತ್ತೆ ಮತ್ತೆ. ಒಂದು ಹನಿ ಆಮ್ಲವೂ ಹುಟ್ಟದೆ! ಕರಗುತ್ತಿದ್ದುದು ಕ್ರಿಯಾಟಿನ್ ಫಾಸ್ಫೇಟ್. ಮಾಡಿದ ಕೆಲಸವೆಷ್ಟೋ ಕರಗಿದ ಫಾಸ್ಫೇಟ್ ಅಷ್ಟು. ಅದು ತೀರಿದೊಡನೆ ಸ್ನಾಯು ಮರಗಟ್ಟಿತು.

ಈ ಕೆಲವು ಕಪ್ಪೆಗಳು ಸಾರಿದ ಸುದ್ದಿಯ ಭಾರವನ್ನು ಓದುಗರು ಸ್ವಲ್ಪ ಊಹಿಸಿಕೊಳ್ಳಬೇಕು. ಕೀಲಿಯೇ ಇಲ್ಲದೆ ಬೀಗ ತೆರೆದಿತ್ತು! ನೊಬೆಲ್ ಪಡೆದ, ಸಂಸ್ಥೆಯೊಂದರ ಅಧಿಪತಿಯಾದ, ಇಡೀ ಯೂರೋಪಿನಲ್ಲಿ ಈ ವಿಷಯದ ಪ್ರಮಾಣಪುರುಷನಾದವನಿಗೆ ಇಂಥ ಸುದ್ದಿಯನ್ನು ತಡೆಹಿಡಿಯುವ ಉಪಾಯಗಳಿಗೆ ಕೊರತೆಯಿರಲಿಲ್ಲ. ವಿಷದ ಸ್ನಾಯುವು ಸಹಜ ಸ್ನಾಯುವಲ್ಲವೆನ್ನಬಹುದು. ಪ್ರಯೋಗ ಮಾಡಿದವನ ಕೈ ಪಳಗಿದುದಲ್ಲವೆನ್ನಬಹುದು. ಏನೂ ಹೇಳದೆ ಹತ್ತು ವರ್ಷ ಸುಮ್ಮನಿದ್ದುಬಿಡಬಹುದು. ವಿದ್ವತ್ಪ್ರಪಂಚದಲ್ಲಿ ಅದು ಬಹುಜನ ತುಳಿದ ಹಾದಿ. ಒಂದು ಶಾಸನದ ತೇದಿ ಹಿಂದುಮುಂದಾದರೆ, ಒಬ್ಬ ಕವಿಯ ಊರು ಬೇರೆಯೆಂದು ಯಾರೋ ತರುಣನು ತೋರಿಸಿದರೆ ನಮ್ಮಲ್ಲಿ ಎಂಥ ಕೋಲಾಹಲವೇಳುತ್ತದೆಂಬುದು ಕನ್ನಡ ಅಧ್ಯಾಪಕರಾದ ನಮಗೆ ತಿಳಿಯದ ವಿಷಯವೇನಲ್ಲ. ಮೈಯರ್‌ಹೋಫರು ಲುಂಡ್ಸ್‌ಗಾರ್ಡರನ್ನು ಹೈಡೆಲ್‌ಬರ್ಗಿಗೆ ಬರಮಾಡಿಕೊಂಡರು. ತಮ್ಮ ಸಿದ್ಧಾಂತವನ್ನು ಉರುಳಿಸಿದವರಿಗೆ ತಮ್ಮ ಉಪಕರಣಗಳನ್ನೇ ಬಿಟ್ಟುಕೊಟ್ಟರು. ಪ್ರಯೋಗವು ಅಲ್ಲಿಯೂ ನಿಂತಿತು. ಅವರೂ ಅದನ್ನು ಒಪ್ಪಿಕೊಂಡರು. ಹಿಲ್ಲರೂ ಹಿಂಜರಿಯಲಿಲ್ಲ. 1932ರಲ್ಲಿ ಸ್ನಾಯುಶಾಸ್ತ್ರದಲ್ಲಿ ನಡೆದ ಕ್ರಾಂತಿಯೆಂದು ಹೆಸರಿಟ್ಟೇ ಇದನ್ನು ಕುರಿತು ಒಂದು ಸಮೀಕ್ಷೆ ಬರೆದರು. ಒಂದೇ ಪಾರಿತೋಷಕವನ್ನು ಹಂಚಿಕೊಂಡ ಇಬ್ಬರೂ ಒಂದೇ ಸೋಲನ್ನು ಹೀಗೆ ಹಂಚಿಕೊಂಡರು.

ಸೋಲೆಂಬ ಮಾತು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದು ಬೇರೆ ಪ್ರಶ್ನೆ. ಆಮ್ಲವು ಸಿಂಹಾಸನದಿಂದ ಇಳಿದ ಮೇಲೆ ಬಂದ ವರ್ಷಗಳೇ ಮೈಯರ್‌ಹೋಫರ ಬಾಳಿನ ಸುಗ್ಗಿಯ ವರ್ಷಗಳು. 1934ರಲ್ಲಿ ಲೋಮನ್ನರು ಇನ್ನೊಂದು ಹೆಜ್ಜೆ ಮುಂದಿಟ್ಟು, ಎ.ಟಿ.ಪಿ.ಯೇ ಮೊದಲು ಒಡೆಯುವುದೆಂದೂ ಕ್ರಿಯಾಟಿನ್ ಫಾಸ್ಫೇಟ್ ಅದನ್ನು ಮರಳಿ ತುಂಬುವುದೆಂದೂ ತೋರಿಸಿದರು. ಹಾಗಾದರೆ ಸಕ್ಕರೆ ಒಡೆದು ಆಮ್ಲವಾಗುವುದೇಕೆ? ಈ ಉಗ್ರಾಣಗಳನ್ನು ತುಂಬುವ ಶಕ್ತಿಗಾಗಿ. ಎಂಬ್ಡೆನ್ನರು 1933ರಲ್ಲಿ, ತಾವು ಸಾಯುವುದಕ್ಕೆ ಸ್ವಲ್ಪ ಮುಂಚೆ, ಸಕ್ಕರೆಯು ಒಡೆಯುವ ಮೆಟ್ಟಿಲುಗಳ ನಕ್ಷೆಯೊಂದನ್ನು ಮುಂದಿಟ್ಟಿದ್ದರು. ಹಳೆಯ ಎದುರಾಳಿಯ ಆ ನಕ್ಷೆಯನ್ನು ಕೈಗೆತ್ತಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸಿ, ತಿದ್ದಿ, ಭದ್ರಪಡಿಸಿದವರಲ್ಲಿ ಮೈಯರ್‌ಹೋಫರು ಮುಖ್ಯರು. 1941ರಲ್ಲಿ ಲಿಪ್‌ಮನ್ನರು ಜೀವಲೋಕದ ಶಕ್ತಿವ್ಯವಹಾರಕ್ಕೆಲ್ಲ ಫಾಸ್ಫೇಟೇ ನಾಣ್ಯವೆಂಬ ವಿಚಾರವನ್ನು ಸ್ಥಾಪಿಸಿದಾಗ ಅದರ ಬೇರು ಈ ಹೈಡೆಲ್‌ಬರ್ಗಿನ ನೆಲದಲ್ಲಿಯೇ ಇದ್ದಿತು. ಆಮ್ಲವು ಸ್ನಾಯುವಿನಲ್ಲಿಯೇ ಗ್ಲೈಕೋಜನ್ ಆಗಿ ಮರಳುತ್ತದೆಂಬ ಮಾತಿಗೂ ತಿದ್ದುಪಡಿ ಬಂದಿತು. ಮನುಷ್ಯನಂಥ ಪ್ರಾಣಿಗಳಲ್ಲಿ ಅದು ರಕ್ತದ ಮೂಲಕ ಯಕೃತ್ತಿಗೆ ಹೋಗಿ ಸಕ್ಕರೆಯಾಗಿ ಹಿಂದಿರುಗುವುದನ್ನು ಕೋರಿ ದಂಪತಿಗಳು ತೋರಿಸಿದರು. ವ್ಯಾಯಾಮದ ಮರುದಿನ ಮೈಕೈ ನೋಯುವುದಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಈಗಲೂ ಆಟದ ಮೈದಾನಗಳಲ್ಲಿ ಹೇಳುವವರುಂಟು. ಅದು ನಿಜವಲ್ಲ. ಹೃದಯವೂ ಮಿದುಳೂ ಅದನ್ನು ಇಂಧನವಾಗಿ ಬಳಸುತ್ತವೆಂಬುದು ಈಗ ತಿಳಿದ ಸಂಗತಿ.

ಇಷ್ಟೆಲ್ಲ ನಡೆಯುತ್ತಿದ್ದಾಗ ಕಿಟಕಿಯ ಹೊರಗೆ ಜರ್ಮನಿಯು ಬೇರೆ ದೇಶವಾಗುತ್ತಿತ್ತು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದಿ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ದೇಶ ಬಿಟ್ಟರು. ಅಂಥವರಿಗೆ ನೆರವಾಗಲೆಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಸಮಿತಿಯ ಸ್ಥಾಪಕರಲ್ಲಿ ಹಿಲ್ಲರೂ ಒಬ್ಬರು. ಮೈಯರ್‌ಹೋಫರು ಮಾತ್ರ ಉಳಿದರು. ವಿಶ್ವವಿದ್ಯಾನಿಲಯದ ಗೌರವ ಪದವಿ ಹೋಯಿತು. 1936ರಲ್ಲಿ ಅದೇ ಸಂಸ್ಥೆಯ ರಸಾಯನ ವಿಭಾಗದ ಮುಖ್ಯಸ್ಥ ರಿಚರ್ಡ್ ಕೂನ್, ಮೈಯರ್‌ಹೋಫರ ಬಳಿ ಯೆಹೂದಿಗಳು ಕೆಲಸ ಮಾಡುತ್ತಿದ್ದಾರೆಂದು ಮೇಲಧಿಕಾರಿಗಳಿಗೆ ಪತ್ರ ಬರೆದರು. ಕೂನ್ ಅವರೂ ದೊಡ್ಡ ವಿಜ್ಞಾನಿಯೇ. 1938ರ ರಸಾಯನಶಾಸ್ತ್ರದ ನೊಬೆಲ್ ಅವರದು. ಅದೇ 1938ರ ಬೇಸಗೆಯಲ್ಲಿ ಮೈಯರ್‌ಹೋಫರು ರಜೆಗೆಂದು ಹೊರಡುವವರಂತೆ ಸ್ವಿಟ್ಜರ್ಲೆಂಡಿಗೆ ಹೊರಟು ಅಲ್ಲಿಂದ ಪ್ಯಾರಿಸನ್ನು ಸೇರಿದರು. ಗ್ರಂಥಗಳು, ಉಪಕರಣಗಳು, ಮನೆ ಎಲ್ಲವೂ ಹಿಂದುಳಿದವು. ಪ್ಯಾರಿಸಿನಲ್ಲಿ ಎರಡು ವರ್ಷ ಕೆಲಸ ಸಾಗಿತು. 1940ರ ಜೂನಿನಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ಬಂದಿತು. ದಕ್ಷಿಣ ಫ್ರಾನ್ಸಿಗೆ ಓಡಿದ ಅವರನ್ನು ಹೊರಸಾಗಿಸಲು ಮಾರ್ಸೇಲ್ಸಿನಲ್ಲಿದ್ದ ವೇರಿಯನ್ ಫ್ರೈ ಎಂಬ ಅಮೆರಿಕನ್ನರ ತಂಡವು ನೆರವಾಯಿತು. ಹೆಂಡತಿಯೊಡನೆ ಪಿರನೀಸ್ ಪರ್ವತಗಳನ್ನು ದಾಟಿ ಸ್ಪೇನನ್ನು ಹೊಕ್ಕು, ಆ ಅಕ್ಟೋಬರಿನಲ್ಲಿ ಅಮೆರಿಕವನ್ನು ಸೇರಿದರು. ಆಗ ಅವರ ವಯಸ್ಸು 56. ದಣಿದ ಕಾಲಿನೊಳಗೆ ಏನು ನಡೆಯುತ್ತದೆಂದು ಲೋಕಕ್ಕೆ ತಿಳಿಸಿದವರು ಆ ಬೆಟ್ಟದ ಹಾದಿಯನ್ನು ಹತ್ತಿದ ಚಿತ್ರವು ನನ್ನ ಕಣ್ಣಿನಿಂದ ಮರೆಯಾಗುವುದಿಲ್ಲ.

ಸಕ್ಕರೆ ಒಡೆಯುವ ಆ ದಾರಿಗೆ ಇಂದಿಗೂ ಮೂವರ ಹೆಸರು: ಎಂಬ್ಡೆನ್, ಮೈಯರ್‌ಹೋಫ್, ಪಾರ್ನಸ್. ನಮ್ಮ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಈ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ಕೇಳಿದ್ದೇನೆ. ಮೂವರೂ ಯೆಹೂದಿ ಮನೆತನಗಳಿಂದ ಬಂದವರು. ಎಂಬ್ಡೆನ್ನರು ಹಿಟ್ಲರನ ಮೊದಲ ವರ್ಷದಲ್ಲಿಯೇ, ನಾಜಿ ಗುಂಪುಗಳ ಕಾಟದ ನಡುವೆ, 1933ರ ಜುಲೈಯಲ್ಲಿ ತೀರಿಕೊಂಡರು. ಪೋಲೆಂಡಿನ ಯಾಕುಬ್ ಪಾರ್ನಸರು ಹಿಟ್ಲರನಿಂದ ತಪ್ಪಿಸಿಕೊಂಡು ಮಾಸ್ಕೋವಿಗೆ ಹೋದರು. 1949ರ ಜನವರಿಯಲ್ಲಿ ಸ್ಟಾಲಿನ್ನನ ಪೋಲೀಸರು ಅವರನ್ನು ಹಿಡಿದೊಯ್ದರು, ಸೆರೆಯಲ್ಲಿಯೇ ಪ್ರಾಣ ಹೋಯಿತು. ಹಾಸಿಗೆಯ ಮೇಲೆ ಗಯಟೆಯನ್ನು ಓದುತ್ತಿದ್ದ ರೋಗಿಷ್ಠ ಹುಡುಗನೇ ಮೂವರಲ್ಲಿ ಹೆಚ್ಚು ಕಾಲ ಬಾಳಿದವರು.

ಫಿಲಡೆಲ್ಫಿಯದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವು ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ಅವರಿಗೊಂದು ಸಂಶೋಧನ ಪ್ರಾಧ್ಯಾಪಕ ಹುದ್ದೆಯನ್ನು ನಿರ್ಮಿಸಿಕೊಟ್ಟಿತು. ಬೇಸಗೆಗಳಲ್ಲಿ ವುಡ್ಸ್‌ಹೋಲ್ ಎಂಬ ಕಡಲತೀರದ ಜೀವವಿಜ್ಞಾನ ಕೇಂದ್ರಕ್ಕೆ ಹೋಗುತ್ತಿದ್ದರು. 1944ರಲ್ಲಿ ಹೃದಯಾಘಾತವಾದುದು ಅಲ್ಲಿಯೇ. ಚೇತರಿಸಿಕೊಂಡ ಮೇಲೆ ಅವರು ಕೈಗೆತ್ತಿಕೊಂಡುದು ಹಳೆಯ ಪ್ರಶ್ನೆಯನ್ನೇ. ಜೀವಂತ ಯೀಸ್ಟು ಸಕ್ಕರೆಯನ್ನು ತಡೆಯಿಲ್ಲದೆ ಒಡೆಯುತ್ತದೆ. ಅದರ ರಸವು ಮಾತ್ರ ನಡುದಾರಿಯಲ್ಲಿ ಮುಗ್ಗರಿಸುತ್ತದೆ. ಏಕೆ? ಎ.ಟಿ.ಪಿ.ಯನ್ನು ಒಡೆಯುವ ಕಿಣ್ವವು ರಸದಲ್ಲಿ ಸಾಲದಿರುವುದರಿಂದ ಎಂದು ಅವರು ತೋರಿಸಿದರು. ಯುದ್ಧಾನಂತರ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯವು ಅವರ ಗೌರವ ಪ್ರಾಧ್ಯಾಪಕ ಪದವಿಯನ್ನು ಹಿಂದಕ್ಕೆ ಕೊಟ್ಟಿತು. ಅವರು ಫಿಲಡೆಲ್ಫಿಯದಲ್ಲಿಯೇ ಉಳಿದರು. 1951ರ ಅಕ್ಟೋಬರ್ 6ರಂದು ಎರಡನೆಯ ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. ಹೈಡೆಲ್‌ಬರ್ಗಿನ ಬೆಟ್ಟದ ಮೇಲೆ ಈಗ ಅವರ ಹೆಸರಿನ ಬೀದಿಯೊಂದಿದೆ. ಯೂರೋಪಿನ ಹಲವು ದೇಶಗಳು ಕೂಡಿ ನಡೆಸುವ ಅಣುಜೀವವಿಜ್ಞಾನ ಪ್ರಯೋಗಶಾಲೆಯ ವಿಳಾಸ ಆ ಬೀದಿಯ 1ನೆಯ ನಂಬರು.